ಮಳೆಗಾಲದ ಹೊಳೆಗೆ ಕಯಾಕ್ ಇಳಿಸುವ ಮುನ್ನ

ದುಬಾರೆಯಲ್ಲಿ ಕಾವೇರಿ ಅಗಲವಾಗಿ ಹರಿಯುತ್ತದೆ. ದೋಣಿ ದಾರಿ ತಪ್ಪಿದರೂ ಸರಿಪಡಿಸಿಕೊಳ್ಳಲು ಜಾಗವಿದೆ. ದಕ್ಷಿಣ ಕೊಡಗಿನ ಬರಪೊಳೆ ಹಾಗಲ್ಲ. ಕಾಡಿನ ನಡುವೆ ಬಂಡೆಯಿಂದ ಬಂಡೆಗೆ ಹಾರುತ್ತಾ ಕೇರಳದ ಕಡೆ ಇಳಿಯುವ ಹೊಳೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ರಾಫ್ಟಿಂಗ್ ಜೋರು. ರಾಫ್ಟ್‌ನಲ್ಲಾದರೆ ಗೈಡ್ ಇರುತ್ತಾರೆ, ಒಬ್ಬರೇ ಕೂತು ಹುಟ್ಟು ಹಾಕುವ ಸಣ್ಣ ದೋಣಿ ಕಯಾಕ್‌ನಲ್ಲಿ ಎಲ್ಲವೂ ನಿಮ್ಮದೇ ಹೊಣೆ.

ನೀರಿನ ರಭಸವನ್ನು 1ರಿಂದ 6ರವರೆಗೆ ದರ್ಜೆ ಮಾಡುತ್ತಾರೆ. ಆ ಸಂಖ್ಯೆಯನ್ನೇ ನಂಬಿಕೊಂಡು ಹೊರಡಬೇಡಿ. ನಿನ್ನೆ ರಾತ್ರಿ ಅಡ್ಡ ಬಿದ್ದ ಮರ ಅದರಲ್ಲಿ ಇರುವುದಿಲ್ಲ, ಅಲ್ವಾ?

ಮೊದಲು ಜೊತೆ ಹುಡುಕಿ. ಮೂವರಿಗಿಂತ ಕಡಿಮೆ ಇದ್ದರೆ ಬೇಡ. ಒಬ್ಬರಿಗಾದರೂ ಆ ಹೊಳೆ ಗೊತ್ತಿರಬೇಕು. ಇಳಿಯಲು ಅನುಮತಿ ಇದೆಯಾ ಎಂದೂ ವಿಚಾರಿಸಿ. ಹೆಲ್ಮೆಟ್, ಮೈಗೆ ಬಿಗಿಯಾಗಿ ಕೂರುವ ಲೈಫ್ ಜಾಕೆಟ್, ಸೀಟಿ, ಗಟ್ಟಿ ಶೂ ಬೇಕೇ ಬೇಕು. ಎಸೆಯುವ ಹಗ್ಗದ ಚೀಲ ಒಬ್ಬೊಬ್ಬರ ಬಳಿಯೂ ಇರಲಿ. ಸ್ಪ್ರೇ ಸ್ಕರ್ಟ್ (ನೀರು ಒಳನುಗ್ಗದಂತೆ ಸೊಂಟದ ಸುತ್ತ ಕಯಾಕ್‌ನ ಬಾಯಿ ಮುಚ್ಚುವ ಹೊದಿಕೆ) ಹಾಕಿದ ಮೇಲೆ ಅದರ ಮುಂದಿನ ಹಿಡಿ ಹೊರಗೇ ಇದೆಯಾ ಎಂದು ನೋಡಿ. ಮಗುಚಿದಾಗ ಅದನ್ನೆಳೆದೇ ಹೊರಬರಬೇಕು.

ಇಳಿದ ಮೇಲೆ ಬಂಡೆಯ ಮರೆಯಿಂದ ಬಂಡೆಯ ಮರೆಗೆ ಸಾಗಿ. ಬಂಡೆಯ ಹಿಂದೆ ನೀರು ತಿರುಗಿ ನಿಧಾನವಾಗುತ್ತದೆ. ಅಲ್ಲಿ ನಿಂತು ಮುಂದಿನ ಮರೆ ಯಾವುದು ಎಂದು ಗುರುತಿಸಿಕೊಂಡೇ ಹೊರಡಿ. ತಿರುವಿನಾಚೆ ಕಾಣದಿದ್ದರೆ ದೋಣಿ ದಡಕ್ಕೆಳೆದು ನಡೆದು ನೋಡಿ. ಇಂಬಳ ಹತ್ತುತ್ತವೆ, ಹತ್ತಲಿ ಬಿಡಿ.

ನೋಡಬೇಕಾದದ್ದು ಮುಖ್ಯವಾಗಿ ಮರ. ಬಿದ್ದ ಮರ, ಬಾಗಿದ ಬಿದಿರು ಮೆಳೆಗಳ ನಡುವೆ ನೀರು ದಾಟಿ ಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಸಿಕ್ಕವರನ್ನು ಕೈಯಿಂದ ಎಳೆಯುವುದು ಸುಲಭವಲ್ಲ. ಹೊಳೆಗೆ ಅಡ್ಡಲಾಗಿ ಗೆರೆ ಎಳೆದಂತೆ ನೀರು ಮಾಯವಾದರೆ ಕೆಳಗೆ ಕಿಂಡಿ ಅಣೆಕಟ್ಟೋ ಜಲಪಾತವೋ ಇರಬಹುದು. ಅಣೆಕಟ್ಟು ಎತ್ತರ ಇಲ್ಲ ಎಂದು ಸುಮ್ನೆ ಹಾರಿಸಬೇಡಿ. ಅದರ ಬುಡದಲ್ಲಿ ನೀರು ಹಿಂದಕ್ಕೇ ಉರುಳುತ್ತಾ ಬಿದ್ದವರನ್ನು ಬಿಡುವುದಿಲ್ಲ. ಅಣೆಕಟ್ಟಾಗಲಿ ಜಲಪಾತವಾಗಲಿ, ದೋಣಿ ಹೊತ್ತುಕೊಂಡು ದಡದ ಮೇಲೇ ದಾಟಿ.

ದೋಣಿ ಅಡ್ಡವಾಗಿ ಬಂಡೆಗೆ ಬಡಿದರೆ ಭಯಕ್ಕೆ ಮೈ ಹಿಂದೆ ಸರಿಯುತ್ತದೆ. ಅದು ತಪ್ಪು. ಬಂಡೆಯ ಕಡೆಗೇ ವಾಲಿ, ಇಲ್ಲದಿದ್ದರೆ ನೀರು ದೋಣಿಯ ಮೇಲೇರಿ ಮಗುಚುತ್ತದೆ.

ನೀರಿಗೆ ಬಿದ್ದರೆ ಅಂಗಾತ ತೇಲಿ. ಕಾಲು ಮುಂದಕ್ಕೆ, ಪಾದ ನೀರಿನ ಮೇಲೆ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋಗಬೇಡಿ. ಕಲ್ಲಿನ ಸಂದಿಗೆ ಪಾದ ಸಿಕ್ಕಿದರೆ ಸೊಂಟದಷ್ಟೇ ನೀರಿದ್ದರೂ ಮುಳುಗುತ್ತೀರಿ. ಎದುರಿಗೆ ಮರ ಬಂದರೆ ಮಾತ್ರ ಮಗುಚಿ ಬೋರಲಾಗಿ, ತಲೆ ಮುಂದಿಟ್ಟು ಜೋರಾಗಿ ಈಜಿ, ಕಾಂಡದ ಮೇಲೆ ಹತ್ತಿ. ದಡದಿಂದ ಹಗ್ಗ ಬಂದರೆ ಹಗ್ಗವನ್ನೇ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಬೇಡಿ.

ಹೊರಡುವಾಗ ನೀರಂಚಿನ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳಿ, ನಿಂತಲ್ಲೆಲ್ಲ ಹಾಗೇ ಮಾಡಿ. ಮೇಲೆ ಗುಡ್ಡದಲ್ಲಿ ಮಳೆ ಹೊಯ್ದರೆ ಸಣ್ಣ ಹೊಳೆ ಬೇಗ ಏರುತ್ತದೆ. ಕಲ್ಲು ಮುಳುಗಿತು, ನೀರು ಕೆಂಪಾಯಿತು, ಕಸಕಡ್ಡಿ ಬರತೊಡಗಿತು ಎಂದರೆ ದೋಣಿ ಮೇಲಕ್ಕೆಳೆದು ಕಟ್ಟಿ, ರಸ್ತೆಗೆ ನಡೆದು ಹೋಗಿ. ದೋಣಿಯನ್ನು ನಾಳೆ ತರಬಹುದು.