ಸೆಲ್ ಗ್ರೇಡಿಂಗಿನಲ್ಲಿ ಕರೆಂಟ್ ಉಳಿಸುವುದು ಹೇಗೆ

ಹೊಸೂರಿನ ನಮ್ಮ ಶೆಡ್ಡಿನಲ್ಲಿ ಇ-ರಿಕ್ಷಾಗಳಿಗೆ ಬ್ಯಾಟರಿ ಪ್ಯಾಕ್ ಕಟ್ಟುತ್ತೇವೆ. ಶುರುವಿನಲ್ಲಿ ಇ.ಬಿ. ಬಿಲ್ ಬಂದಾಗಲೆಲ್ಲ ಸ್ಪಾಟ್ ವೆಲ್ಡಿಂಗ್ ಮೆಷಿನ್ನನ್ನು ಬೈಯುತ್ತಿದ್ದೆ. ಪಾಪ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ನಿಜವಾಗಿ ಕರೆಂಟ್ ತಿನ್ನುತ್ತಿದ್ದದ್ದು ಗ್ರೇಡಿಂಗ್, ಅಂದರೆ ಒಂದೊಂದು ಸೆಲ್ಲಿನ ಕೆಪಾಸಿಟಿ ಅಳೆದು ವಿಂಗಡಿಸುವ ಕೆಲಸ. ಹತ್ತಿರದ ತಳಿ ಊರಿನಿಂದ ಕೆಲಸಕ್ಕೆ ಬರುವ ಹುಡುಗ ಒಂದು ದಿನ ಕೇಳಿಯೇಬಿಟ್ಟ: "ಅಕ್ಕಾ, ಇದು ಗ್ರೇಡಿಂಗ್ ರೂಮಾ, ಬೇಕರಿಯಾ?"

ಲೆಕ್ಕ ನೋಡಿ. 3.2 ವೋಲ್ಟ್, 6 ಆಂಪಿಯರ್-ಅವರ್‌ನ ಒಂದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ಲಿನಲ್ಲಿ ಸುಮಾರು 19 ವಾಟ್-ಅವರ್ ಇರುತ್ತದೆ. ಸಾವಿರ ಸೆಲ್ಲಿಗೆ 19 ಯೂನಿಟ್. ಕೆಪಾಸಿಟಿ ಗೊತ್ತಾಗಬೇಕಾದರೆ ಪೂರ್ತಿ ತುಂಬಿಸಿ, ಪೂರ್ತಿ ಖಾಲಿ ಮಾಡಬೇಕು. ಹಳೆಯ ಟೆಸ್ಟರ್ ಅಷ್ಟನ್ನೂ ರೆಸಿಸ್ಟರ್‌ನಲ್ಲಿ ಸುಟ್ಟು ಬಿಡುತ್ತದೆ. ಆ ಬಿಸಿಗೆ ಮತ್ತೆ ಎಸಿ!

ಹೊಸ ಟೆಸ್ಟರ್ ಕೊಳ್ಳುವುದಾದರೆ ರೀಜನರೇಟಿವ್ ಮಾದರಿಯನ್ನೇ ಕೇಳಿ. ಖಾಲಿಯಾಗುವ ಸೆಲ್ಲಿನ ಕರೆಂಟನ್ನು ಅದು ಚಾರ್ಜ್ ಆಗುವ ಸೆಲ್ಲಿಗೆ ಕೊಡುತ್ತದೆ. ಆದರೆ ಎಲ್ಲ ಸೆಲ್ಲನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಪ್ರಯೋಜನ ಕಡಿಮೆ. ಅರ್ಧ ತುಂಬುತ್ತಿರಲಿ, ಅರ್ಧ ಖಾಲಿಯಾಗುತ್ತಿರಲಿ.

ಅಷ್ಟು ದುಡ್ಡಿಲ್ಲದಾಗ ನಾನು ಕಟ್ಟಿದ ಪ್ಯಾಕಿನ ಟೆಸ್ಟಿನಿಂದ ಶುರು ಮಾಡಿದೆ. 51.2 ವೋಲ್ಟ್, 100 ಆಂಪಿಯರ್-ಅವರ್ ಪ್ಯಾಕಿನಲ್ಲಿ 5 ಯೂನಿಟ್ ಇರುತ್ತದೆ. ಅದನ್ನು 48 ವೋಲ್ಟ್ ಇನ್ವರ್ಟರಿಗೆ ಕೊಟ್ಟು ಫ್ಯಾನ್, ಟ್ಯೂಬ್‌ಲೈಟ್ ಓಡಿಸಿ. ಪ್ಯಾಕಿನ ಹತ್ತಿರವೇ ಡಿಸಿ ಫ್ಯೂಸ್ ಇರಲಿ. ನಡುವೆ ಹರಿದ ಕರೆಂಟನ್ನು ಎಣಿಸುವ ಶಂಟ್ ಮೀಟರ್ ಹಾಕಿ, ಶುರು ಮಾಡುವ ಮೊದಲು ಮೀಟರಿನ ಎಣಿಕೆಯನ್ನು ಸೊನ್ನೆಗೆ ತನ್ನಿ. ಪ್ಯಾಕ್ 44.8 ವೋಲ್ಟಿಗೆ ಇಳಿದಾಗ ನಾನು ನಿಲ್ಲಿಸುತ್ತೇನೆ. ಇನ್ವರ್ಟರಿನ ಮೇನ್ಸ್ ಪ್ಲಗ್ ಕಿತ್ತಿದ್ದೀರಾ ನೋಡಿ. ನಾನೊಮ್ಮೆ ಮರೆತು, ಅದು ಪ್ಯಾಕನ್ನು ಚಾರ್ಜ್ ಮಾಡುತ್ತಲೇ ಇತ್ತು. ಇಡೀ ಮಧ್ಯಾಹ್ನ ಹಾಳು.

ಇನ್ನು ಎಸಿ. ಲಿಥಿಯಂ ಅಂದರೆ ತೇವ ಇರಬಾರದು ಅಂತ ಯಾರೋ ಹೇಳಿದ್ದಕ್ಕೆ ಶೆಡ್ಡನ್ನೆಲ್ಲ ಹದಿನೆಂಟು ಡಿಗ್ರಿಗೆ ಇಳಿಸುತ್ತಿದ್ದೆ. ಒಣ ಕೋಣೆ ಬೇಕಾಗಿರುವುದು ಸೆಲ್ ತಯಾರಿಸುವವರಿಗೆ. ಅವರ ಎಲೆಕ್ಟ್ರೋಲೈಟಿಗೆ ನೀರು ತಾಗಿದರೆ ಆ್ಯಸಿಡ್ ಆಗುತ್ತದೆ. ನಮಗೆ ಬರುವುದು ಸೀಲ್ ಆದ ಸೆಲ್, ಅಲ್ವಾ? ಈಗ ಗ್ರೇಡಿಂಗ್ ರ್‍ಯಾಕಿಗೆ ಮಾತ್ರ ಗಾಜಿನ ಗೂಡು ಕಟ್ಟಿ 25 ಡಿಗ್ರಿ ಇಟ್ಟಿದ್ದೇನೆ. ಉಳಿದ ಕಡೆ ಕಿಟಕಿ, ಎಕ್ಸಾಸ್ಟ್ ಫ್ಯಾನ್. ಹೊಸೂರಿನ ರಾತ್ರಿ ಗಾಳಿಗೆ ಬಿಲ್ ಇಲ್ಲ.

ಪ್ಯಾಕಿನ ಡಬ್ಬಿಗೆ ಅಂಟು ಸುರಿಯಬೇಡಿ, ಸ್ಕ್ರೂ ಹಾಕಿ. ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್) ಕೆಟ್ಟು ಹೋದರೆ ಅದನ್ನಷ್ಟೇ ಬದಲಿಸಬಹುದು. ಗ್ರೇಡಿಂಗಿನಲ್ಲಿ ಕೆಪಾಸಿಟಿ ಕಡಿಮೆ ಬಂದ ಸೆಲ್ಲುಗಳನ್ನು ನಾನು ಗುಜರಿಗೆ ಕೊಡುವುದಿಲ್ಲ. ನಮ್ಮ ಗೇಟಿನ ದೀಪ ಅವುಗಳಿಂದಲೇ ಉರಿಯುತ್ತಿದೆ.