ಐದು ಪುಸ್ತಕ ಓದಿದವರಿಗೆ ಒಂದು ಓಟು

ಮೊದಲ ವರ್ಷ ನಾನು ಮಾಡಿದ್ದು ತಪ್ಪಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಐದರಿಂದ ಏಳನೇ ತರಗತಿವರೆಗೆ 41 ಮಕ್ಕಳು. 2023ರಲ್ಲಿ, ಯಾರು ಜಾಸ್ತಿ ಪುಸ್ತಕ ಓದುತ್ತಾರೋ ಅವರಿಗೆ ಬಹುಮಾನ ಅಂತ ಗೋಡೆಗೆ ಚಾರ್ಟ್ ಅಂಟಿಸಿದೆ. ಒಂದು ಪುಸ್ತಕಕ್ಕೆ ಒಂದು ನಕ್ಷತ್ರ. ಮೂರೇ ವಾರದಲ್ಲಿ ಒಬ್ಬ ಹುಡುಗಿಯ ಹೆಸರಿನ ಮುಂದೆ 27 ನಕ್ಷತ್ರ. ಕೂರಿಸಿಕೊಂಡು ಕೇಳಿದರೆ ಎಲ್ಲವೂ ಹದಿನಾರು ಪುಟದ ಪುಸ್ತಕಗಳು. ಕೆಲವದರ ಹಿಂದಿನ ರಟ್ಟು ಮಾತ್ರ ಓದಿದ್ದಳು. ಅವಳ ತಪ್ಪೇನೂ ಇಲ್ಲ. ನಾನು ಲೆಕ್ಕ ಕೇಳಿದ್ದೆ, ಅವಳು ಲೆಕ್ಕ ಕೊಟ್ಟಳು. ನನಗೆ ನಿಜವಾಗಿ ಬೇಜಾರಾಗಿದ್ದು ಚಾರ್ಟಿನ ಕೆಳಗಿದ್ದ ಹೆಸರುಗಳನ್ನು ನೋಡಿ. ಒಂದೂ ನಕ್ಷತ್ರ ಇಲ್ಲದ ಏಳು ಮಕ್ಕಳು ಆ ಗೋಡೆಯ ಕಡೆ ಕೂರುವುದನ್ನೇ ಬಿಟ್ಟಿದ್ದರು. ದಸರಾ ರಜೆಗೆ ಮುಂಚೆ ಚಾರ್ಟ್ ಕಿತ್ತು ತೆಗೆದೆ.

ದಾರಿ ತೋರಿಸಿದ್ದು ನನ್ನ ಚಿಕ್ಕಮ್ಮನ ಮಗಳು. ಅವಳಿರುವುದು ಟೆಕ್ಸಾಸ್‌ನಲ್ಲಿ. ರಜೆಗೆ ಬಂದಾಗ ಅವಳ ಮಗನ ಶಾಲೆಯ ಸುದ್ದಿ ಹೇಳಿದಳು. ಅಲ್ಲಿ ಬ್ಲೂಬಾನೆಟ್ ಪ್ರಶಸ್ತಿ ಅಂತ ಒಂದಿದೆ. ಆ ರಾಜ್ಯದ ಗ್ರಂಥಾಲಯ ಸಂಘ 1979ರಲ್ಲಿ ಶುರು ಮಾಡಿದ್ದು. ವರ್ಷಕ್ಕೆ 20 ಪುಸ್ತಕಗಳನ್ನು ಪ್ರಶಸ್ತಿಗೆ ಅಂತ ಆರಿಸಿ ಪಟ್ಟಿ ಮಾಡುತ್ತಾರೆ. ಮೂರರಿಂದ ಆರನೇ ತರಗತಿಯ ಮಕ್ಕಳು ಅದರಲ್ಲಿ ಐದನ್ನಾದರೂ ಓದಿರಬೇಕು, ಇಲ್ಲಾ ಯಾರಾದರೂ ಓದಿದ್ದನ್ನು ಕೇಳಿರಬೇಕು. ಆಮೇಲೆ ಓಟು ಹಾಕಬಹುದು. ಯಾವ ಪುಸ್ತಕ ಗೆಲ್ಲಬೇಕು ಅನ್ನುವುದು ಮಕ್ಕಳ ತೀರ್ಮಾನ.

'ಇಲ್ಲಾ ಕೇಳಿರಬೇಕು' ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಏಳು ಮಕ್ಕಳಿಗೆ ಬಾಗಿಲು ಅಲ್ಲಿತ್ತು.

2024ರ ಜೂನ್‌ನಲ್ಲಿ ಪಟ್ಟಿ ಮಾಡಲು ಕೂತೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ 24 ಭಾಷೆಗಳಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. 50,000 ರೂಪಾಯಿ, ಒಂದು ತಾಮ್ರ ಫಲಕ. ಒಂದೊಂದು ಭಾಷೆಗೂ ಮೂವರು ತೀರ್ಪುಗಾರರು. ಆ ಮೂವರೂ ದೊಡ್ಡವರೇ, ಅಲ್ವಾ? ಹಾಗಾದರೆ ಅವರು ಮೆಚ್ಚಿದ ಪುಸ್ತಕಗಳ ಬಗ್ಗೆ ನಮ್ಮ ಮಕ್ಕಳು ಏನು ಹೇಳುತ್ತಾರೆ ನೋಡೋಣ ಅನ್ನಿಸಿತು. ಬೋಳುವಾರು ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ', ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್'. ಅದೇ ಹೊತ್ತಿಗೆ ಆ ವರ್ಷದ ಪುರಸ್ಕಾರವೂ ಪ್ರಕಟವಾಯಿತು. ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' ಸೇರಿಸಿದೆ. ಬೇರೆ ಬಹುಮಾನಗಳಿಗೆ ಆಯ್ಕೆಯಾದ ನಾಲ್ಕು ಪುಸ್ತಕ ಸೇರಿಸಿ ಹತ್ತು ಮಾಡಿದೆ. ಕೆಲವು ವರ್ಷ ಪುರಸ್ಕಾರ ಒಂದು ಪುಸ್ತಕಕ್ಕಲ್ಲ, ಮಕ್ಕಳಿಗಾಗಿ ಬರೆದ ಒಟ್ಟು ಸಾಹಿತ್ಯಕ್ಕೆ ಸಂದಿದೆ. ಎಚ್.ಎಸ್. ವೆಂಕಟೇಶಮೂರ್ತಿ, ಸುಮತೀಂದ್ರ ನಾಡಿಗರು ಹಾಗೆ ಪಡೆದವರು. ಅವರ ಪದ್ಯಗಳನ್ನು ಓಟಿಗೆ ಇಡಲಿಲ್ಲ. ಓದಿನ ಪೀರಿಯಡ್ ಶುರುವಾಗುವ ಮುಂಚೆ ಹಾಡಿಕೊಂಡೆವು.

ಹತ್ತು ಪುಸ್ತಕ, ತಲಾ ಮೂರು ಪ್ರತಿ. ನಾಲ್ಕು ಸಾವಿರದ ಹತ್ತಿರ ಖರ್ಚು ಬಂತು. ಅರ್ಧ ಒಬ್ಬ ಹಳೇ ವಿದ್ಯಾರ್ಥಿ ಕೊಟ್ಟ, ಅರ್ಧ ನಾನು ಹಾಕಿದೆ.

ಪುಸ್ತಕ ತಂದ ಮೇಲೆ ಬೀರುವಿನಲ್ಲಿಟ್ಟು ಬೀಗ ಹಾಕುವುದು ನಮ್ಮಲ್ಲಿ ರೂಢಿ. ಹರಿದುಹೋದರೆ ದಾಸ್ತಾನು ವಹಿಯಲ್ಲಿ ಏನು ಬರೆಯೋದು ಅನ್ನುವ ಭಯ. ನಾನು ಇವನ್ನು ವಹಿಗೆ ಹತ್ತಿಸಲೇ ಇಲ್ಲ. ಕಿಟಕಿ ಪಕ್ಕದ ಬೆಂಚಿನ ಮೇಲೆ ಹರಡಿದೆ, ಮನೆಗೂ ಕೊಟ್ಟೆ. ಮಲೆನಾಡಿನ ಮಳೆಗಾಲ ಬೇರೆ. ಮಕ್ಕಳು ಪುಸ್ತಕವನ್ನು ಎರಡೆರಡು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಅಂಗಿಯ ಒಳಗೆ ಇಟ್ಟುಕೊಂಡು ಹೋಗುತ್ತಿದ್ದರು. ಎರಡು ಪ್ರತಿಗೆ ಬೂಷ್ಟು ಹಿಡಿಯಿತು. ಕಳೆದದ್ದು ಒಂದೂ ಇಲ್ಲ.

ಸಾರಾಂಶ ಬರೆಸುವುದನ್ನು ಪೂರ್ತಿ ಬಿಟ್ಟೆ. ಇದು ಮುಖ್ಯ. ಸಾರಾಂಶ ಅಂದ ಕೂಡಲೇ ಮಕ್ಕಳು ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾರೆ. ಅದರ ಬದಲು ಒಂದು ಅಂಗೈ ಅಗಲದ ಚೀಟಿ, ಅದರಲ್ಲಿ ಎರಡೇ ಪ್ರಶ್ನೆ. ಯಾವ ಪುಟದಲ್ಲಿ ಸ್ವಲ್ಪ ಹೊತ್ತು ನಿಂತೆ, ಯಾಕೆ? ಇದನ್ನು ಯಾರಿಗೆ ಓದಲು ಕೊಡುತ್ತೀಯ? ಇಷ್ಟ ಆಗಲಿಲ್ಲ ಅಂತಲೂ ಬರೆಯಬಹುದು ಅಂದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ರಶಸ್ತಿ ಬಂದ ಪುಸ್ತಕ ಚೆನ್ನಾಗಿಲ್ಲ ಅನ್ನಬಹುದಾ ಟೀಚರ್ ಅಂತ ಒಬ್ಬಳು ಮೂರು ಸಲ ಕೇಳಿದಳು. ಅನ್ನಬಹುದು, ಆದರೆ ಓದಿ ಮುಗಿಸಿರಬೇಕು ಅಂದೆ. ಅವಳು ಆ ಪುಸ್ತಕವನ್ನು ಹಠ ಹಿಡಿದು ಮುಗಿಸಿದಳು.

ಕೇಳುವ ಗುಂಪು ಶನಿವಾರ. ಬೆಳಗಿನ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ, ಜಗಲಿಯ ಮೇಲೆ. ಏಳನೇ ತರಗತಿಯ ಒಬ್ಬರು ಓದಬೇಕು, ನಾಲ್ಕೈದು ಜನ ಸುತ್ತ ಕೂರಬೇಕು. ಗಾಂಧಿಯ ಪುಸ್ತಕವನ್ನು ಮಾತ್ರ ನಾನೇ ಓದಿದೆ, ಬಿಸಿಯೂಟ ಆದ ಮೇಲೆ ದಿನಕ್ಕೆ ನಾಲ್ಕು ಪುಟ, ಎಲ್ಲರಿಗೂ. ಆರನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಒತ್ತಕ್ಷರ ಬಂದರೆ ಅಲ್ಲೇ ನಿಂತುಬಿಡುತ್ತಿದ್ದ. ನಕ್ಷತ್ರದ ಚಾರ್ಟಿನಲ್ಲಿ ಅವನ ಸಾಲು ಖಾಲಿ. ಅವನನ್ನು ಓದುವವಳ ಪಕ್ಕದಲ್ಲೇ ಕೂರಿಸುತ್ತಿದ್ದೆ, ಪುಸ್ತಕ ಕಾಣುವ ಹಾಗೆ. ಓದು ಅಂತ ಒಂದು ದಿನವೂ ಹೇಳಲಿಲ್ಲ. ಅಕ್ಟೋಬರ್ ಕೊನೆಯ ಒಂದು ಶನಿವಾರ 'ಓಡಿ ಹೋದ ಹುಡುಗ' ನಡೆಯುತ್ತಿತ್ತು. ಓದುತ್ತಿದ್ದವಳಿಗೆ ಬಸ್ಸಿನ ಅವಸರ. ಇವನು ಅವಳ ಕೈ ಹಿಡಿದು ನಿಲ್ಲಿಸಿದ. 'ಏಯ್, ಒಂದು ಸಾಲು ಬಿಟ್ಟೆ' ಅಂದ. ಅವಳು ಇಲ್ಲ ಅಂದಳು. ಅವನು ಪುಟದ ಮೇಲೆ ಬೆರಳಿಟ್ಟ. ಬಿಟ್ಟುಹೋದ ಸಾಲಿನ ಮೇಲೇ ಇತ್ತು ಬೆರಳು. ಅವಳು ಆ ಸಾಲು ಓದಿ ಮುಂದೆ ಹೋದಳು. ಅವನ ಬೆರಳು ಕೆಳಗಿನ ಸಾಲಿಗೆ ಜಾರಿತು, ಆಮೇಲೆ ಅದರ ಕೆಳಗಿನದಕ್ಕೆ. ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಲು ಮನಸ್ಸಾಗಲಿಲ್ಲ.

'ಮುಳುಗಡೆ' ನಮ್ಮ ಕಡೆ ಪುಸ್ತಕದ ಪದವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ಏರಿ ನಿಂತಾಗ ಊರೂರೇ ಎದ್ದು ಬಂದವು. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆ ಕಾಣುವುದನ್ನು ನಮ್ಮ ಮಕ್ಕಳೂ ನೋಡಿದ್ದಾರೆ. ಆದರೆ ಮನೆಯ ಹಿರಿಯರನ್ನು ಈ ಬಗ್ಗೆ ಕೇಳಿರಲಿಲ್ಲ. ಪುಸ್ತಕದ ಹೆಸರು ನೋಡಿದ್ದೇ ಐದನೇ ತರಗತಿಯ ಒಬ್ಬಳು ಅಜ್ಜಿಯ ಹತ್ತಿರ ಹೋಗಿ ಕೇಳಿದಳಂತೆ. ಅಜ್ಜಿಗೆ ಆಗ ಏಳೆಂಟು ವರ್ಷ. ಕಂಬ, ಬಾಗಿಲು, ಹಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿದ್ದನ್ನು ಹೇಳಿದರಂತೆ. ಆ ಮಗುವಿನ ಚೀಟಿಯಲ್ಲಿ ಪುಟದ ಸಂಖ್ಯೆಯೇ ಇಲ್ಲ. 'ಬಾವಿ ತರಕ್ಕೆ ಆಗ್ಲಿಲ್ಲ ಅಂತ ಅಜ್ಜಿ ಹೇಳಿದ್ರು' ಅಂತ ಬರೆದಿತ್ತು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಡಿಸೋಜ ಅವರು ಇದ್ದದ್ದು ನಮ್ಮ ಸಾಗರದಲ್ಲೇ. ಮಕ್ಕಳಿಗೆ ಅದು ದೊಡ್ಡ ಆಶ್ಚರ್ಯ. ಓಟಿನ ಲೆಕ್ಕ ಆದ ಮೇಲೆ ಎಲ್ಲ ಸೇರಿ ಅವರಿಗೆ ಒಂದು ಪತ್ರ ಬರೆಯೋಣ ಅಂದುಕೊಂಡಿದ್ದೆವು. 2025ರ ಜನವರಿ 5, ಭಾನುವಾರ ಅವರು ತೀರಿಕೊಂಡರು. ಮರುದಿನ ಪ್ರಾರ್ಥನೆಯಲ್ಲಿ ಸುದ್ದಿ ಹೇಳುವಾಗ ಆ ಪುಸ್ತಕ ಒಬ್ಬ ಹುಡುಗನ ಚೀಲದಲ್ಲಿತ್ತು. ಇನ್ನೂ ಅರ್ಧ ಓದಿದ್ದ. ಪತ್ರವನ್ನು ಕೊನೆಗೆ ಇಟ್ಟುಕೊಂಡದ್ದು ನನ್ನ ತಪ್ಪು. ಈಗ ಹಾಗೆ ಮಾಡುವುದಿಲ್ಲ. ಪುಸ್ತಕ ಮುಗಿಸಿದ ವಾರವೇ ಕಾರ್ಡ್ ಬರೆಯುತ್ತಾರೆ, ಪ್ರಕಾಶಕರ ವಿಳಾಸಕ್ಕೆ ಹಾಕುತ್ತೇವೆ.

ಓಟಿಗೆ ಜನವರಿ 25 ಆರಿಸಿದೆ. ಅವತ್ತು ರಾಷ್ಟ್ರೀಯ ಮತದಾರರ ದಿನ. ಶನಿವಾರವೂ ಆಗಿತ್ತು. ಶಾಲಾ ಸಂಸತ್ತಿನ ಚುನಾವಣೆ ಮಾಡಿ ಮಕ್ಕಳಿಗೆ ಅಭ್ಯಾಸವಿದೆ. ಮತಪತ್ರದ ಮೇಲೆ ಹತ್ತು ಪುಸ್ತಕಗಳ ರಕ್ಷಾಪುಟವನ್ನು ಮಕ್ಕಳೇ ಚಿಕ್ಕದಾಗಿ ಬಿಡಿಸಿದ್ದರು. ಸ್ಟ್ಯಾಂಪ್ ಪ್ಯಾಡಿನ ಶಾಯಿ ಬೆರಳಿಗೆ. ಐದು ಚೀಟಿ ತೋರಿಸಿದವರಿಗೆ ಮಾತ್ರ ಮತಪತ್ರ. 38 ಮಕ್ಕಳಿಗೆ ಸಿಕ್ಕಿತು. ಮೂವರಿಗೆ ನಾಲ್ಕೇ ಆಗಿತ್ತು. ಒಬ್ಬಳು ಅತ್ತಳು. ನನ್ನ ಕರುಳು ಚುರುಕ್ ಅಂದರೂ ನಿಯಮ ಸಡಿಲಿಸಲಿಲ್ಲ. ಸಡಿಲಿಸಿದ್ದರೆ ಉಳಿದವರ ಐದಕ್ಕೆ ಬೆಲೆ ಇರುತ್ತಿರಲಿಲ್ಲ. ಹೆಡ್ ಮೇಷ್ಟ್ರು ಮುಂಚೆಯೇ ತಮಗೂ ಒಂದು ಓಟು ಬೇಕು ಅಂದಿದ್ದರು. ಸರ್, ನೀವು ಐದು ಓದಿದ್ದೀರಾ ಅಂತ ಮಕ್ಕಳು ಕೇಳಿದರು. ಅವರು ಎರಡು ಓದಿದ್ದರು. ಸಂಕ್ರಾಂತಿಗೆ ಮೂರು ಪುಸ್ತಕ ಊರಿಗೆ ಒಯ್ದು, ಓದಿ, ಚೀಟಿ ಬರೆದುಕೊಂಡು ಬಂದರು. ಓಟಿನ ದಿನ ಮಕ್ಕಳ ಜೊತೆ ಸಾಲಿನಲ್ಲಿ ನಿಂತರು. ನನ್ನದೂ ಸೇರಿ ಒಟ್ಟು 40 ಓಟು.

ಡಿಸೋಜ ಅವರ ಪುಸ್ತಕಕ್ಕೇ ಹೆಚ್ಚು ಬೀಳುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅದಕ್ಕೆ 11 ಬಂತು. 'ಬಾವಲಿ ಗುಹೆ'ಗೆ 14. ಗಣರಾಜ್ಯೋತ್ಸವದ ದಿನ ಧ್ವಜಾರೋಹಣ ಆದ ಮೇಲೆ ಫಲಿತಾಂಶ ಓದಿದೆವು. ದುಃಖದಲ್ಲಿ ಓಟು ಹಾಕಿರಬಹುದು ಅನ್ನುವ ನನ್ನ ಲೆಕ್ಕ ತಪ್ಪಿತ್ತು. ಅವರು ಪುಸ್ತಕ ನೋಡಿ ಓಟು ಹಾಕಿದ್ದರು. ಅದು ನನಗೆ ತುಂಬ ಸಮಾಧಾನ ಕೊಟ್ಟಿತು.

ಒತ್ತಕ್ಷರಕ್ಕೆ ನಿಲ್ಲುತ್ತಿದ್ದ ಹುಡುಗನಿಗೆ ಆರು ಚೀಟಿ ಆಗಿತ್ತು. ನಾಲ್ಕು ಕೇಳಿದ್ದು, ಎರಡು ಓದಿದ್ದು. ಯಾವುದಕ್ಕೆ ಓಟು ಹಾಕಿದೆ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಈ ವರ್ಷದ ಪಟ್ಟಿಗೆ 2025ರ ಪುರಸ್ಕಾರ ಪಡೆದ ಕೆ. ಶಿವಲಿಂಗಪ್ಪ ಹಂದಿಹಾಳು ಅವರ 'ನೋಟ್ ಬುಕ್' ಬಂದಿದೆ. ಹಳೆಯವು ಮೂರನ್ನು ತೆಗೆದೆ. ತೆಗೆದ ಪುಸ್ತಕಗಳಲ್ಲಿ ಒಂದಕ್ಕೆ ಹೋದ ಸಲ ಬಿದ್ದದ್ದು ಒಂದೇ ಓಟು. ಪಟ್ಟಿ ಹಾಕಿದ ದಿನ ಈಗ ಏಳನೇ ತರಗತಿಯಲ್ಲಿರುವ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಅದನ್ನು ವಾಪಸ್ ಇಡಿ ಟೀಚರ್ ಅಂದಳು. ಯಾಕೆ ಅಂದೆ. 'ಹೋದ ವರ್ಷ ಅದನ್ನು ಯಾರೂ ಪೂರ್ತಿ ಓದಿಲ್ಲ. ಶನಿವಾರ ನಾನು ಓದಿ ಹೇಳ್ತೀನಿ.'

ಅದನ್ನು ವಾಪಸ್ ಇಟ್ಟಿದ್ದೇನೆ. ಈಗ ಪಟ್ಟಿಯಲ್ಲಿ ಒಂಬತ್ತು ಪುಸ್ತಕ.