ಇಬ್ಬನಿಯಲ್ಲೇ ಗಾಡಿ ಒರೆಸಿದ ಮೂರು ಚಳಿಗಾಲ

ಕಾರ್ತಿಕ ಮುಗಿದು ಚಳಿ ಹಿಡಿಯಿತೆಂದರೆ ಕೋಲಾರದ ಸುತ್ತ ಗಾಡಿ ಇಟ್ಟುಕೊಂಡವರಿಗೆ ಶಿವರಾತ್ರಿಯವರೆಗೆ ಒಂದೇ ಪಾಡು. ಹಗಲೆಲ್ಲ ಜಲ್ಲಿ ಟಿಪ್ಪರುಗಳ ಹಿಂದೆ ಓಡಿ ಬಂದ ಗಾಡಿಯ ಮೇಲೆ ರಾತ್ರಿ ಇಬ್ಬನಿ ಬಿದ್ದು, ಬೆಳಗಾಗುವ ಹೊತ್ತಿಗೆ ಧೂಳು ಕೆಸರಾಗಿ, ಬಿಸಿಲೇರಿದ ಮೇಲೆ ಅದೇ ಕೆಸರು ಗಾರೆಯಂತೆ ಗಟ್ಟಿಯಾಗುತ್ತದೆ. ಕೊಳವೆಬಾವಿಯ ನೀರಿನಲ್ಲಿ ತೊಳೆದರೆ ಧೂಳು ಹೋಗಿ ಬಿಳಿ ಕಲೆ ಉಳಿಯುತ್ತದೆ. ವೇಮಗಲ್ ಕಡೆಯ ನಮ್ಮೂರಿನಲ್ಲಿ ನನ್ನ 2019ರ ಕಂದು ಬಣ್ಣದ ಪಿಕಪ್ಪಿಗೆ ಮೂರು ಚಳಿಗಾಲದಿಂದ ಒಂದು ಹನಿ ಕೊಳವೆಬಾವಿಯ ನೀರನ್ನೂ ತಾಗಿಸಿಲ್ಲ. ಆದರೂ ಅದರ ಬಾನೆಟ್ಟಿನಲ್ಲಿ ಮುಖ ಕಾಣುತ್ತದೆ. ಟೊಮೇಟೊ ಮಂಡಿಯಲ್ಲಿ ಇದು ಆಗದ ಕೆಲಸವೆಂದು ವಾದ ಮಾಡಿದವರೇ ಈಗ ಬಂದು ವಿಧಾನ ಕೇಳುತ್ತಿರುವುದರಿಂದ, ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲ ಎರಡು ಚಳಿಗಾಲ ನಾನೂ ಎಲ್ಲರಂತೆ ಹದಿನೈದು ದಿನಕ್ಕೊಮ್ಮೆ ವಾಟರ್ ಸರ್ವೀಸಿಗೆ ಬಿಟ್ಟೆ. ಒಂದು ಸಲಕ್ಕೆ 350 ರೂಪಾಯಿ ಆಗುತ್ತಿತ್ತೆಂದು ನೆನಪು. ಅಲ್ಲಿಯೂ ಕೊಳವೆಬಾವಿಯ ನೀರೇ, ಬಿಸಿಲಿನಲ್ಲೇ ಒಣಗಿಸುವುದು. ಫೆಬ್ರವರಿಯ ಹೊತ್ತಿಗೆ ಬಾನೆಟ್ಟು ಸಿಡುಬು ಎದ್ದಂತೆ ಕಾಣುತ್ತಿತ್ತು. ಟಿಂಕರಿಂಗ್ ಅಂಗಡಿಯವರು ಕಾಂಪೌಂಡ್ ಎಂಬ ಪೇಸ್ಟಿನಲ್ಲಿ ಬಣ್ಣವನ್ನು ಉಜ್ಜಿ ಪಾಲಿಶ್ ಮಾಡಿ 2,800 ರೂಪಾಯಿ ತೆಗೆದುಕೊಂಡರು. ಹೊಳಪು ಮೂರು ವಾರ ಇತ್ತು. ಉಜ್ಜಿದಷ್ಟೂ ಬಣ್ಣವೇ ತೆಳುವಾಗುತ್ತದೆಂಬುದು ಗೊತ್ತಿದ್ದರೂ ಮರುವರ್ಷ ಮತ್ತೆ ಉಜ್ಜಿಸಿದೆ. ಹಿತ್ತಾಳೆ ಸಾಮಾನು ಬೆಳಗುವ ಹುಣಸೆಹುಳಿಯನ್ನು ಕಲೆಗಳ ಮೇಲೆ ಹಚ್ಚಿಯೂ ನೋಡಿದೆ. ಹುಳಿಗೆ ಸುಣ್ಣದ ಕಲೆ ಕರಗುವುದೇನೋ ನಿಜ, ಆದರೆ ತೊಳೆಯುವುದು ತಡವಾಗಿ ಬಿಸಿಲು ಬಿದ್ದದ್ದರಿಂದ ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈಯಗಲ ಮಬ್ಬು ಬಿದ್ದಿತು. ಅದು ಇಂದಿಗೂ ಇದೆ. ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಒಂದು ದಿನ ಮಿಂಚುತ್ತದೆ, ಎರಡನೆಯ ದಿನ ದುಪ್ಪಟ್ಟು ಧೂಳು ಹಿಡಿಯುತ್ತದೆ.

250 ರೂಪಾಯಿ ಕೊಟ್ಟು, ನೀರಿನಲ್ಲಿ ಕರಗಿದ ಸುಣ್ಣ, ಉಪ್ಪುಗಳನ್ನು ಅಳೆಯುವ ಟಿಡಿಎಸ್ ಪೆನ್ ತಂದ ಮೇಲೆ ಕಣ್ಣು ತೆರೆಯಿತು. ನಮ್ಮ ಕೊಳವೆಬಾವಿಯ ನೀರು ಸಾವಿರದ ನೂರರ ಮೇಲೆ ತೋರಿಸಿತು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿಗೆ ಐದು ರೂಪಾಯಿಯಂತೆ ತಂದು ಒಂದು ತಿಂಗಳು ತೊಳೆದೆ, ಕಲೆ ಬೀಳಲಿಲ್ಲ. ಆದರೆ ಹೆಂಗಸರು ಕುಡಿಯುವ ನೀರಿಗೆ ಸಾಲು ನಿಂತಿರುವಾಗ ಅದೇ ನಲ್ಲಿಯಲ್ಲಿ ಗಾಡಿಗೆ ನೀರು ಹಿಡಿಯುವುದು ನನಗೇ ಸರಿಯೆನಿಸದೆ ನಿಲ್ಲಿಸಿದೆ. ಘಟಕದವರು ಹೊರಗೆ ಬಿಡುವ ನೀರನ್ನು ಬೇಕಾದಷ್ಟು ಒಯ್ಯಿರಿ ಎಂದರು. ಪೆನ್ ಅದ್ದಿ ನೋಡಿದರೆ ಅದು ಕೊಳವೆಬಾವಿಯ ನೀರಿಗಿಂತಲೂ ಕೆಟ್ಟದಾಗಿತ್ತು.

ಆ ವರ್ಷವೇ ಸುಮಾರು 6,500 ರೂಪಾಯಿಗೆ ಸಾವಿರ ಲೀಟರಿನ ಕಪ್ಪು ತೊಟ್ಟಿ ತಂದು ದನದ ಕೊಟ್ಟಿಗೆಯ ಶೀಟಿನ ನೀರು ಅದಕ್ಕೆ ಬೀಳುವಂತೆ ಪೈಪು ಜೋಡಿಸಿದೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ದೊಡ್ಡದು. ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು, ಬಟ್ಟೆ ಕಟ್ಟಿ ಸೋಸಿ ತುಂಬಿಸಿದರೆ ಎರಡೇ ಮಳೆಗೆ ತೊಟ್ಟಿ ತುಂಬುತ್ತದೆ. ನಿಂತ ನೀರು ಹುಳ ಬೀಳುತ್ತದೆ ಎಂದು ಚಿಕ್ಕಪ್ಪ ಬೇಡವೆಂದಿದ್ದರು. ಬೆಳಕು ಹೋಗದಂತೆ ಮುಚ್ಚಿ, ಸೊಳ್ಳೆ ಪರದೆ ಬಿಗಿದದ್ದರಿಂದ ಮಾರ್ಚಿನವರೆಗೂ ವಾಸನೆ ಬರಲಿಲ್ಲ. ಪೆನ್ನಿನಲ್ಲಿ ಮೂವತ್ತರ ಒಳಗೆ ಇತ್ತು.

ಇಷ್ಟಾದರೂ ಕೆಸರಿನ ಸಮಸ್ಯೆ ಹಾಗೆಯೇ ಉಳಿಯಿತು. ತಪ್ಪು ಇಬ್ಬನಿಯದೆಂದು ಭಾವಿಸಿ, ನರ್ಸರಿಯಿಂದ ಹಳೆಯ ನೆರಳು ಪರದೆ ತಂದು ಗಾಡಿಯ ಮೇಲೆ ಎರಡು ಅಡಿ ಎತ್ತರಕ್ಕೆ ಕಟ್ಟಿದೆ. ಪರದೆ ಚಿಕ್ಕದಾದುದರಿಂದ ಹಿಂಭಾಗ ಮಾತ್ರ ಅದರ ಕೆಳಗೆ ಬಂದು ಬಾನೆಟ್ಟು ಬಯಲಿನಲ್ಲೇ ಉಳಿಯಿತು. ಬೆಳಿಗ್ಗೆ ನೋಡಿದರೆ ಪರದೆಯ ಕೆಳಗೆ ಇಬ್ಬನಿ ಬಹುಮಟ್ಟಿಗೆ ಇರಲಿಲ್ಲ, ಧೂಳು ಹಾಗೆಯೇ ಕೂತಿತ್ತು. ಬಾನೆಟ್ಟಿನ ಮೇಲೆ ಹನಿಗಳು ಉರುಳಿ ಇಳಿದ ಜಾಡಿನಲ್ಲಿ ಮಾತ್ರ ಬಣ್ಣ ಸ್ವಚ್ಛವಾಗಿ ಕಾಣುತ್ತಿತ್ತು, ಒಣಗಿದ ಮೇಲೂ ಆ ಜಾಡಿನಲ್ಲಿ ಬಿಳಿ ಕಲೆ ಇರಲಿಲ್ಲ. ಇಬ್ಬನಿಯಲ್ಲಿ ಸುಣ್ಣವಿಲ್ಲ, ಅದು ಪುಕ್ಕಟೆಯಾಗಿ ಸಿಗುವ ಶುದ್ಧ ನೀರು. ಅದು ಬೀಳುವ ಮೊದಲೇ ಧೂಳನ್ನು ತೆಗೆದುಬಿಟ್ಟರೆ ಬೆಳಿಗ್ಗೆ ಒರೆಸುವುದಷ್ಟೇ ಕೆಲಸವೆಂದು ಅಂದೇ ನಿಶ್ಚಯಿಸಿ ಪರದೆಯನ್ನು ಬಿಚ್ಚಿದೆ.

ಧೂಳು ತೆಗೆಯುವುದೆಂದರೆ ಒಣ ಬಟ್ಟೆಯಲ್ಲಿ ಝಾಡಿಸುವುದಲ್ಲ. ಕಲ್ಲಿನ ಪುಡಿ ಬಣ್ಣಕ್ಕಿಂತ ಗಟ್ಟಿಯಾದುದರಿಂದ ಬಟ್ಟೆ ಎಳೆದಲ್ಲೆಲ್ಲ ಗೀರು ಬೀಳುತ್ತದೆ. ಮಾವಿನ ಮರಕ್ಕೆ ಔಷಧಿ ಹೊಡೆಯುವ, ಬೆನ್ನಿಗೆ ಕಟ್ಟಿಕೊಳ್ಳುವ ಬ್ಲೋವರ್ ಯಂತ್ರ ಮನೆಯಲ್ಲಿತ್ತು. ಅದರ ಔಷಧಿ ಡಬ್ಬಿ ಖಾಲಿ ಇಟ್ಟು ಬರೀ ಗಾಳಿ ಹೊಡೆದರೆ ಸಾಕೆಂದು ಮೊದಲ ಸಂಜೆ ಸ್ಟಾರ್ಟ್ ಮಾಡಿದೆ. ಬೂದಿ ರೋಗಕ್ಕೆಂದು ಹೊಡೆದಿದ್ದ ಗಂಧಕ ಕೊಳವೆಯ ಒಳಗೆ ಕಟ್ಟಿಕೊಂಡಿದ್ದು ನನಗೆ ಹೊಳೆದಿರಲಿಲ್ಲ. ಕಂದು ಗಾಡಿಯ ಮೇಲೆಲ್ಲ ಹಳದಿ ಪುಡಿ ಎರಚಿತು, ನನ್ನ ಕಣ್ಣುಗಳು ಎರಡು ದಿನ ಉರಿದವು. ಅದನ್ನು ನೋಡಿದ ಚಿಕ್ಕಪ್ಪ, "ಏನಪ್ಪಾ, ಗಾಡಿಗೂ ಔಷಧಿ ಹೊಡೆಯುತ್ತಿದ್ದೀಯಾ?" ಎಂದು ಕೇಳಿದ್ದು ಊರೆಲ್ಲ ಹರಡಿತು. ಆಮೇಲೆ ಔಷಧಿಯ ಭಾಗ ಕೆಟ್ಟು ಬರೀ ಗಾಳಿ ಬರುವ ಹಳೆಯ ಯಂತ್ರವೊಂದನ್ನು 4,500ಕ್ಕೆ ಕೊಂಡು, ಕೊಳವೆಯನ್ನು ಹೊಸದಾಗಿ ಹಾಕಿಸಿ, ಗಾಡಿಗೆಂದೇ ಮೀಸಲಿಟ್ಟೆ.

ಈಗಿನ ಕ್ರಮ ಹೀಗಿದೆ. ಮಧ್ಯಾಹ್ನ ಕಿತ್ತ ಟೊಮೇಟೊವನ್ನು ಮಂಡಿಯಲ್ಲಿ ಇಳಿಸಿ ಎಂಟು ಗಂಟೆಯೊಳಗೆ ಮನೆ ಸೇರುತ್ತೇನೆ, ಅಷ್ಟು ಹೊತ್ತಿಗೆ ಇಬ್ಬನಿ ಶುರುವಾಗಿರುವುದಿಲ್ಲ. ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ, ಮೇಲಿನಿಂದ ಕೆಳಕ್ಕೆ, ಬಾಗಿಲಿನ ಸಂದು ಮತ್ತು ಗಾಜಿನ ಬುಡದ ಜಾಲರಿಯನ್ನು ಬಿಡದೆ ಹತ್ತು ನಿಮಿಷ ಊದುತ್ತೇನೆ. ಯಂತ್ರದ ಹೊಗೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಅದು ಗಾಡಿಯ ಕಡೆಗೆ ತಿರುಗದಂತೆ ನೋಡಿಕೊಳ್ಳಬೇಕು. ಗಾಡಿಯನ್ನು ಮರದ ಕೆಳಗೆ ನಿಲ್ಲಿಸದೆ ಪೂರ್ತಿ ಬಯಲಿನಲ್ಲಿ ನಿಲ್ಲಿಸುತ್ತೇನೆ. ಬೆಳಿಗ್ಗೆ ಆರೂ ಕಾಲಿನಿಂದ, ಬಿಸಿಲು ತಾಗುವ ಮೊದಲು, ಎಂಟು ಮಡಿಕೆ ಮಾಡಿದ ಟವೆಲ್ಲನ್ನು ಅದರ ಭಾರದಲ್ಲಷ್ಟೇ ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯುತ್ತೇನೆ. ಒಂದು ಮಗ್ಗುಲಿನಿಂದ ಒಮ್ಮೆ ಮಾತ್ರ ಒರೆಸುವುದು. ಸುತ್ತಿಸಿ ತಿಕ್ಕುವುದು ಬೇಡವೇ ಬೇಡ. ಜನವರಿಯ ಒಂದು ಬೆಳಿಗ್ಗೆ ಟವೆಲ್ ಹಿಂಡಿ ಅಳೆದಾಗ ಹತ್ತಿರ ಹತ್ತಿರ ಅರ್ಧ ಲೀಟರ್ ನೀರು ಸಿಕ್ಕಿತು. ಆಮೇಲೆ ಒರೆಸುವ ಎರಡನೆಯ ಟವೆಲ್ಲನ್ನು ಹಿಂದಿನ ರಾತ್ರಿಯೇ ಒಂದು ನೀರಿನಲ್ಲಿ ಅದ್ದಿ ಒಣಗಿಸಿರುತ್ತೇನೆ. ಆ ನೀರಿಗೆ ಏನು ಸೇರಿಸುತ್ತೇನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಅದನ್ನು ಕಂಡುಕೊಳ್ಳಲು ನನಗೆ ಒಂದು ಚಳಿಗಾಲವೇ ಹಿಡಿದಿದೆ.

ಮೋಡ ಮುಚ್ಚಿದ ಅಥವಾ ಗಾಳಿ ಬೀಸುವ ರಾತ್ರಿ ಇಬ್ಬನಿ ಬೀಳುವುದಿಲ್ಲ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರಿನಲ್ಲಿ ವಾರಗಟ್ಟಲೆ ಹೀಗೆಯೇ. ಆಗ ಮಳೆನೀರನ್ನು ಬ್ಯಾಟರಿ ಸ್ಪ್ರೇಯರಿನಲ್ಲಿ ಹೊಡೆದು ತೊಳೆಯುತ್ತೇನೆ, ಹನ್ನೆರಡು ಲೀಟರ್ ಸಾಕು. ಕಳೆನಾಶಕ ಹೊಡೆದ ಸ್ಪ್ರೇಯರನ್ನು ಮಾತ್ರ ಬಳಸಬಾರದು. ವೈಪರಿನ ನೀರಿನ ಡಬ್ಬಿಗೂ ಮಳೆನೀರನ್ನೇ ಹಾಕಿ. ಕೊಳವೆಬಾವಿಯ ನೀರು ಹಾಕಿ ನನ್ನ ಎರಡೂ ನಾಝಲ್ ಸುಣ್ಣ ಕಟ್ಟಿ ಮುಚ್ಚಿಹೋಗಿದ್ದವು.

ಮೇಲಿನ ಹೊಳಪಿಗಿಂತ ಗಾಡಿಯ ಹಿಂಭಾಗದ, ಸಾಮಾನು ತುಂಬುವ ತೊಟ್ಟಿಯಲ್ಲಿ ನನಗೆ ಹೆಚ್ಚು ಹಣ ಹೋಯಿತು. ಒಂದು ವರ್ಷ ಪೊಟ್ಯಾಷ್ ಚೀಲ ಹರಿದು ಮೂಲೆಯಲ್ಲಿ ಚೆಲ್ಲಿದ್ದನ್ನು ಗುಡಿಸಿ ಸುಮ್ಮನಾದೆ. ಇಬ್ಬನಿಗೆ ಅದು ದಿನವೂ ಒದ್ದೆಯಾಗುತ್ತಾ, ಯುಗಾದಿಯ ಹೊತ್ತಿಗೆ ತಗಡು ತೂತಾಗಿ ವೆಲ್ಡಿಂಗಿಗೂ ಬಣ್ಣಕ್ಕೂ ಸೇರಿ ಹದಿನಾಲ್ಕು ಸಾವಿರ ಖರ್ಚಾಯಿತು. ಷಿಕಾಗೋದಲ್ಲಿರುವ ಭಾವ ಫೋನಿನಲ್ಲಿ ಕೇಳಿ, ಅಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದರಿಂದ ಚಳಿಗಾಲವಿಡೀ ಗಾಡಿಯ ಅಡಿಭಾಗವನ್ನು ತೊಳೆಸುತ್ತಲೇ ಇರುತ್ತಾರೆಂದು ಹೇಳಿದರು. ನಮ್ಮ ಪೊಟ್ಯಾಷ್ ಗೊಬ್ಬರವೂ ಕ್ಲೋರೈಡ್ ಉಪ್ಪೇ. ಅಂದಿನಿಂದ ಗೊಬ್ಬರ ಇಳಿಸಿದ ದಿನವೇ ತೊಟ್ಟಿಯ ನೀರಿಳಿಯುವ ತೂತುಗಳಿಗೆ ಕಂಬಿ ಹಾಕಿ ಎಲೆ, ಮಣ್ಣು ತೆಗೆದು, ಒಂದು ಸ್ಪ್ರೇಯರ್ ತುಂಬ ಮಳೆನೀರು ಹೊಡೆಯುತ್ತೇನೆ. ಅಡಿಭಾಗಕ್ಕೆ ಹೊಂಗೆ ಎಣ್ಣೆ ಬಳಿದೂ ನೋಡಿದೆ. ವಾರದಲ್ಲಿ ಬೆರಳು ದಪ್ಪ ಧೂಳು ಮೆತ್ತಿ, ಅದನ್ನು ಕೆರೆಯುವುದೇ ದೊಡ್ಡ ಕೆಲಸವಾಯಿತು.

ಮೊದಲು ಒಂದು ಚಳಿಗಾಲಕ್ಕೆ ತೊಳೆಸುವುದು, ಪಾಲಿಶ್ ಎಲ್ಲ ಸೇರಿ ಐದಾರು ಸಾವಿರ ಆಗುತ್ತಿತ್ತು. ಈಗ ಬ್ಲೋವರಿನ ಪೆಟ್ರೋಲು, ಟವೆಲ್ಲು, ಬಣ್ಣದ ಮೇಲೆ ಹಚ್ಚುವ ಮೇಣ ಸೇರಿ ಸಾವಿರದ ಐನೂರು ದಾಟಿಲ್ಲ. ಕಳೆದ ತಿಂಗಳು ಬ್ರೋಕರ್ ಒಬ್ಬರು ಗಾಡಿ ನೋಡಿ, ಇದೇ ವರ್ಷದ ಬೇರೆ ಗಾಡಿಗಳಿಗಿಂತ ಮೂವತ್ತು ಸಾವಿರ ಹೆಚ್ಚು ಕೊಡಿಸುತ್ತೇನೆಂದರು. ನಾನು ಮಾರಲಿಲ್ಲ. ಚಿಕ್ಕಪ್ಪ ತಮ್ಮ ಟ್ರ್ಯಾಕ್ಟರಿಗೆಂದು ಬ್ಲೋವರನ್ನು ಎರಡು ಸಲ ಕೇಳಿ ಒಯ್ದಿದ್ದಾರೆ. ಮೇಣವಿಲ್ಲದ ಬಣ್ಣದ ಮೇಲೆ ಇಬ್ಬನಿ ಹನಿಯಾಗಿ ಉರುಳದೆ ಹರಡಿಕೊಂಡರೆ ಧೂಳು ಇನ್ನೂ ಸುಲಭವಾಗಿ ಏಳಬಹುದೆಂಬ ಅನುಮಾನವಿರುವುದರಿಂದ, ಈ ಬಾರಿ ಎಡಗಡೆಯ ಬಾಗಿಲಿಗೆ ಮೇಣ ಹಚ್ಚದೆ ಬಿಟ್ಟಿದ್ದೇನೆ. ಇಲ್ಲಿಯವರೆಗಿನ ನಲವತ್ತು ಬೆಳಗುಗಳಲ್ಲಿ ಎರಡು ಬಾಗಿಲುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ.